ಬದುಕಿದ್ದವಳ ಅವಿಧವಾ ನವಮಿ

"ಯಾರು ಬೇಕಾಗಿತ್ತು ತಂಗಿ?"

ಪುಣೆಯ ಶುಕ್ರವಾರ ಪೇಠೆಯ ಆ ವಾಡೆಯ ಬಾಗಿಲು ತೆರೆದು ನಿಂತವಳಿಗೆ ನಲವತ್ತು ದಾಟಿತ್ತು. ಬಿಳಿ ಸೀರೆ, ಖಾಲಿ ಹಣೆ. ಗದಗದಿಂದ ರೈಲಿನಲ್ಲಿ ಬರುವಾಗ ಕಾಶವ್ವ ಕಲ್ಪಿಸಿಕೊಂಡಿದ್ದ ಕೃಷ್ಣಾಬಾಯಿಯೇ ಬೇರೆ... ಜಡೆ ತುಂಬ ಹೂವು, ಬಾಯಿ ತುಂಬ ಎಲೆಅಡಿಕೆ!

"ಬಟ್ಟೆ ಅಂಗಡಿ ಗುಮಾಸ್ತರು... ಪ್ರತಿ ಗುರುವಾರ ಇಲ್ಲಿ ಬರ್ತಾರಂತಲ್ರಿ."

"ರಾಮಲಿಂಗಪ್ಪನಾ? ಒಳಗ ಅದಾನ." ಕೃಷ್ಣಾಬಾಯಿ ಸೊಲ್ಲಾಪುರದವಳು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. "ನೀ ಯಾರವ್ವ?"

"ಅವರ ಹೆಂಡತಿ."

"ಎರಡನೇದ್ದು ಯಾವಾಗ ಮಾಡಿಕೊಂಡ? ಮೊದಲನೇಕಿ ಸತ್ತಾಳಲ್ಲ..."

"ಮೊದಲನೇಕೀನೂ ನಾನ, ಎರಡನೇಕೀನೂ ನಾನ್ರಿ."

ಕೃಷ್ಣಾಬಾಯಿ ಬಾಗಿಲು ಹಿಡಿದುಕೊಂಡಳು. "ಅಯ್ಯ ನನ ಶಿವನ... ಮೊನ್ನೆ ಅವಿಧವಾ ನವಮಿಗೆ ನಿನ್ನ ಹೆಸರಲೆ ಮುತ್ತೈದಿನ್ನ ಕೂಡಿಸಿ ಉಣಿಸೀನಲ್ಲವ್ವ. ಹಸರು ಕುಬಸದ ಖಣ ಕೊಟ್ಟು ಕಳಿಸೀನಿ."

ಗಂಡನಿಗಿಂತ ಮೊದಲು ತೀರಿಹೋದ ಮುತ್ತೈದೆಯರಿಗಾಗಿ ಪಿತೃಪಕ್ಷದಲ್ಲಿ ಮಾಡುವ ನವಮಿ ಅದು. ಕಾಶವ್ವನ ಲಿಂಗಾಯತ ಮನೆಯಲ್ಲಿ ಆ ಪದ್ಧತಿ ಇಲ್ಲ, ನಿಜ. ಆದರೆ ಪುಣೆಯಲ್ಲಿ ಸಂಸಾರ ಮಾಡಿದವಳಿಗೆ ಅದರ ಅರ್ಥ ತಿಳಿಯದೇ? ಉಸಿರಾಡುತ್ತಿರುವವಳ ಹೆಸರಲ್ಲಿ ಎಲೆ ಹಾಕಿ, ಉಣಿಸಿ, ಕೈ ತೊಳೆದುಕೊಂಡಿದ್ದರು!

'ಇನ್ನೊಬ್ಬಾಕಿನ್ನ ತರಾಕ ನನ್ನ ಸಾಯಿಸಿಬಿಟ್ರು...'

ಊರ ಬಾಯಿ ಮುಚ್ಚಲು ಮುಚ್ಚಳ ಉಂಟೇ? 'ನಿಮ್ಮ ತಂಗಿ ಗಂಡ ಕೃಷ್ಣಾಬಾಯಿ ಮನ್ಯಾಗ ಬಿದ್ದಾನ' ಎಂದು ಜವಳಿ ವ್ಯಾಪಾರಿಗಳು ಕಾಶವ್ವನ ಅಣ್ಣ ಸಿದ್ರಾಮಪ್ಪನ ಕಿವಿಯಲ್ಲಿ ಊದಿದ್ದರು. ಎರಡು ವರ್ಷದಿಂದ ತವರಿನಲ್ಲಿದ್ದ ತಂಗಿಯನ್ನು ಅಣ್ಣ ಕರೆತಂದಿದ್ದೇ, ಸಂಬಂಧ ಕಡಿದುಕೊಂಡು ಹೋಗಲು. ಅಣ್ಣ ಕೂತಿದ್ದ ಟಾಂಗಾ ಓಣಿಯ ತುದಿಯಲ್ಲಿ ಕಾಯುತ್ತಿತ್ತು.

"ಒಳಗ ಬಾ. ಹಿಂದ ಕೂಡು. ಬೈಯೂದು ಇದ್ದದ್ದ, ಮೊದಲ ಕೇಳು," ಎಂದಳು ಕೃಷ್ಣಾಬಾಯಿ.

ಪಡಸಾಲೆಯ ಜಮಖಾನೆಯ ಮೇಲೆ ಹತ್ತಾರು ಗಂಡಸರು. ಗಿರಣಿಯವರು, ಹಮಾಲರು, ಒಬ್ಬ ವಕೀಲ ಕೂಡ. ಕೃಷ್ಣಾಬಾಯಿಯ ಗಂಡ ಸೆರೆ ಕುಡಿದೇ ಸತ್ತವನು. ಅಂದಿನಿಂದ ಅವಳು ಗುರುವಾರ ದೀಪ ಹಚ್ಚುವ ಹೊತ್ತಿಗೆ ಕುಡುಕರಿಗಾಗಿ ಬಾಗಿಲು ತೆರೆಯುತ್ತಿದ್ದಳು. ಆಣೆ-ಪ್ರಮಾಣವಿಲ್ಲ, ಉಪದೇಶವಿಲ್ಲ. ವಾರ ಹೇಗೆ ಕಳೆಯಿತೆಂದು ಒಬ್ಬೊಬ್ಬರೇ ಹೇಳಬೇಕು, ಉಳಿದವರು ಕೇಳಬೇಕು. ಸುಳ್ಳು ಮಾತ್ರ ಹೇಳುವಂತಿಲ್ಲ.

ಹೂವು ಮುಡಿದ ಸವತಿಗಾಗಿ ಹುಡುಕುತ್ತಿದ್ದ ಕಾಶವ್ವನ ಕಣ್ಣು ಮೂಲೆಯಲ್ಲಿ ನಿಂತಿತು. ಬಡಕಲಾಗಿದ್ದ ಗಂಡ...

"ರಾಮಲಿಂಗಪ್ಪ, ಏಳು. ನಿನ್ನ ಹೆಂಡತಿ ಹೆಂಗ ಸತ್ತಳು, ಇನ್ನೊಮ್ಮೆ ಹೇಳು."

ಅವನು ಎದ್ದ. ತಿರುಗಿದ. ಕಾಶವ್ವನನ್ನು ಕಂಡ. ಓಡಿಹೋಗುತ್ತಾನೆ ಎಂದುಕೊಂಡಳು ಅವಳು. ಓಡಲಿಲ್ಲ.

"ಸತ್ತಿಲ್ಲ," ಎಂದು ಮರಾಠಿಯಲ್ಲಿ ಶುರುಮಾಡಿದವನು ಅರ್ಧಕ್ಕೇ ಕನ್ನಡಕ್ಕೆ ಬಂದುಬಿಟ್ಟ. "ನಮ್ಮ ಮಗಳು ಇಂದೂಗ ಜ್ವರ ಇತ್ತು. ಡಾಕ್ಟರನ್ನ ಕರ್ಕೊಂಡು ಬರ್ತೀನಂತ ಹೋದಾಂವ ಸೆರೆ ಅಂಗಡ್ಯಾಗ ಕುಂತೆ. ನಾ ಬರೂದ್ರಾಗ ಕೂಸು ಮುಗದಿತ್ತು. ಅಕಿ ನನ್ನ ಬೈಲಿಲ್ಲ. ಕೂಸಿನ ತಲಿ ಕುಲಾಯಿ ಮಡಚಿ ಇಟ್ಕೊಂಡು ತವರಿಗೆ ಹೋದ್ಲು."

ಕಾಶವ್ವ ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ಬದುಕ್ಯಾಳ ಅಂದಿದ್ರ, ಹೋಗಿ ಕರ್ಕೊಂಡು ಬಾ ಅಂತಿದ್ರಿ. ಯಾವ ಮುಖ ಹೊತ್ತು ಹೋಗ್ಲಿ? ಅದಕ್ಕ ಸತ್ತಾಳ ಅಂದೆ. ನವಮಿ ದಿನ ಅಕಿ ಹೆಸರಲೆ ಎಲಿ ಹಾಕಿದಾಗ ಬ್ಯಾಡ ಅನ್ನಾಕ ಧೈರ್ಯ ಆಗಲಿಲ್ಲ. ಇಲ್ಲಿಂದ ಎದ್ದು ಸೀದಾ ಹೋಗಿ ಮತ್ತ ಕುಡದೆ."

ಪಕ್ಕದ ಹಮಾಲ ಸರಿದು ಅವನಿಗೆ ಕೂರಲು ಜಾಗ ಮಾಡಿಕೊಟ್ಟ.

ಬೈಠಕ್ ಮುಗಿದು ಓಣಿಗೆ ಬಂದಾಗ ಜಿಟಿಜಿಟಿ ಮಳೆ. ಇಬ್ಬರೂ ಗೋಡೆಗೆ ಒತ್ತಿ ನಿಂತರು. ಓಣಿಯ ತುದಿಯ ಟಾಂಗಾದಲ್ಲಿ ಸಿದ್ರಾಮಪ್ಪ ಕಾಣುತ್ತಿದ್ದ.

"ಅಣ್ಣ ಕಾಯಾಕತ್ತಾನ. ನೀ ಹೋಗು ಕಾಶೀ," ಎಂದ ಅವನು. "ನನ್ನ ನಂಬಿ ಮತ್ತ ಹಾಳಾಗಬ್ಯಾಡ."

'ಹೌದು, ಹೋಗಬೇಕು...' ಮನಸ್ಸು ಹೇಳಿತು. ಕಾಲು ಏಳಲಿಲ್ಲ. ಸಿಟ್ಟು ಇಳಿದಿರಲಿಲ್ಲ, ಮಗಳ ದುಃಖವಂತೂ ಸಾಯುವವರೆಗೆ ಇಳಿಯುವಂಥದ್ದಲ್ಲ. ಆದರೆ ಇಂದೂಳನ್ನು ನೆನೆದು ಹೀಗೆ ಒಳಗೊಳಗೇ ಬೇಯುವ ಜೀವ ಇನ್ನೊಂದಿದೆ ಎಂಬುದು ಅವಳಿಗೆ ಇವತ್ತೇ ತಿಳಿದದ್ದು. ಪ್ರೀತಿ ಸತ್ತಿದೆ ಎಂದು ಅವಳೂ ಎರಡು ವರ್ಷ ತನಗೆ ತಾನೇ ಸುಳ್ಳು ಹೇಳಿಕೊಂಡಿದ್ದಳು.

"ನಾ ನಿಮ್ಮನ್ನ ಕ್ಷಮಿಸಿಲ್ಲ," ಎಂದಳು.

"ಗೊತ್ತದ."

"ಕ್ಷಮಿಸ್ತೀನೋ ಇಲ್ಲೋ, ಅದೂ ಗೊತ್ತಿಲ್ಲ. ಆದ್ರ ಇನ್ನೊಮ್ಮೆ ನನ್ನ ಸಾಯಿಸಬ್ಯಾಡ್ರಿ. ಕುಡೀಬೇಕು ಅನಿಸಿದ್ರ ನನ್ನ ಮುಂದ ಬಂದು ಹೇಳ್ರಿ."

ರಾಮಲಿಂಗಪ್ಪ ಅವಳ ಕಡೆ ತಿರುಗಿದ.

"ಕಾಶೀ... ಈಗ ಅನಿಸಾಕತ್ತದ."

ಅವಳು ಅವನ ಕೈ ಹಿಡಿದಳು.

"ಹಂಗಾದ್ರ ಅಣ್ಣಗ ಹೋಗು ಅಂತ ಹೇಳಿ ಬರೂಣು, ನಡೀರಿ. ಮನಿತನಕ ಕೈ ಬಿಡಂಗಿಲ್ಲ ನಾ."