ಹಸಿರು ಪಟ್ಟಿ

ಎಂಜಲು ತಾಗಿಸಿದ ಕಡ್ಡಿಯನ್ನು ಯಂತ್ರ ಒಳಗೆಳೆದುಕೊಂಡಿತು. ಸ್ವಲ್ಪ ಹೊತ್ತಿಗೆ ಹಸಿರು ದೀಪ ಹತ್ತಿತು. ನರ್ಸು ಜ್ವರವೆಂದು ಬಂದಿದ್ದ ಗುರಮ್ಮನ ಕೈಗೆ ಹಸಿರು ಪಟ್ಟಿ ಕಟ್ಟಿ, "ಏನೂ ಆಗಂಗಿಲ್ಲ, ಮನ್ಯಾಗ ಮಲಕ್ಕೊ ಹೋಗವಾ" ಎಂದು ಕಳಿಸಿದಳು.

ಅದೇ ವೈರಸ್ಸು ಒಬ್ಬರಿಗೆ ನೆಗಡಿ, ಇನ್ನೊಬ್ಬರಿಗೆ ಸಾವು. ಯಾಕೆಂದರೆ, ವೈರಸ್ಸು ಮೈಹೊಕ್ಕ ಕೂಡಲೇ ಕೂಗಿ ದೇಹವನ್ನು ಎಬ್ಬಿಸಬೇಕಾದ ಜೀನ್‌ಗಳು ಕೆಲವರಲ್ಲಿ ಹುಟ್ಟಾ ಮೂಕ. ಅಂಥವರನ್ನು ಮೊದಲೇ ಗುರುತಿಸುವ ಈ ಯಂತ್ರ ಬಂದ ಮೇಲೆ ಆಸ್ಪತ್ರೆಯ ಹಾಸಿಗೆ ಕೆಂಪು ದೀಪದವರಿಗೆ ಮಾತ್ರ. ಅದನ್ನು ಕಂಡುಹಿಡಿದ ಡಾಕ್ಟರ್ ಪ್ರಾಣೇಶ ಕಟ್ಟಿಯವರಿಗೆ ಶಾಲು, ಹಾರ, ಬಿರುದು ಎಲ್ಲ ಆದವು.

ಗುರಮ್ಮ ವಾರ ತುಂಬುವ ಮೊದಲೇ ಉಸಿರು ಸಿಗದೆ ಸತ್ತಳು.

ತಪ್ಪಿದ್ದೆಲ್ಲಿ ಎಂದು ತಿಳಿಯಲು ಕಟ್ಟಿ ತಾವೇ ಗುರಮ್ಮನಿದ್ದ ನೇಕಾರರ ಊರಿಗೆ ಬಂದರು. ನಿಂತ ಮಗ್ಗದ ಪಕ್ಕ ಕೂತಿದ್ದ ಅವಳ ತಾಯಿ ಈರವ್ವನನ್ನು ಕೇಳಿದರು: "ನಿಮ್ಮ ಲಗ್ನ ಸಂಬಂಧದಾಗ ಆಗಿತ್ತೇನಮ್ಮ?"

"ಸ್ವಾದರಮಾವಗ ಕೊಟ್ಟಾರ್ರಿ. ನಮ್ಮ ಓಣ್ಯಾಗ ಎಲ್ಲಾರ್ದೂ ಹಂಗ."

ಕಟ್ಟಿ ನೆಲ ನೋಡಿದರು. ಮೂಕ ಜೀನು ಅಪ್ಪನಿಂದಷ್ಟೇ ಬಂದರೆ ಅಮ್ಮನ ಕಡೆಯದು ಕೂಗುತ್ತದೆ. ಒಂದೇ ಮನೆತನದ ಇಬ್ಬರಿಂದಲೂ ಬಂದರೆ ಕೂಗುವವರೇ ಇಲ್ಲ. ಇದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಯಂತ್ರಕ್ಕೆ ಪಾಠ ಕಲಿಸಲು ಎಂಜಲಿನ ಮಾದರಿ ಆರಿಸುವಾಗ, ಲೆಕ್ಕ ಕೆಡಿಸುತ್ತಾರೆಂದು ಸಂಬಂಧದಲ್ಲಿ ಹುಟ್ಟಿದವರನ್ನೆಲ್ಲ ಅವರೇ ಕೈಬಿಟ್ಟಿದ್ದರು. ಕಟ್ಟಿಯವರ ಸ್ವಂತ ತಾಯಿಯೂ ಸೋದರಮಾವನನ್ನೇ ಮದುವೆಯಾದವರು. ದೀಪದ ಬುಡ ಕತ್ತಲೆ ಅನ್ನುವುದು ಇದಕ್ಕೇ.

"ನಿಮ್ಮಂಥವರ ಮಾದರಿ ಯಂತ್ರ ನೋಡಿಲ್ಲಮ್ಮ. ನೋಡದ್ದು ಬಂದ್ರ ಹಸಿರು ತೋರಸ್ತದ."

"ಹಂಗಾರ ಹಸಿರಂದ್ರ 'ಗೊತ್ತಿಲ್ಲ' ಅಂತೇನ್ರಿ?"

ಒಳಗೆ ಯಾರೋ ಕೆಮ್ಮಿದರು. ಕಿರಿಯ ಮಗಳು ಶಾಂತವ್ವನಿಗೆ ನಿನ್ನೆಯಿಂದ ಜ್ವರ.

ಕಟ್ಟಿ ತಮ್ಮ ಕಾರಿನಲ್ಲೇ ಅವಳನ್ನು ಆಸ್ಪತ್ರೆಗೆ ಕರೆತಂದರು. ದೀಪ ಮತ್ತೆ ಹಸಿರು.

"ದೀಪ ಬಿಡವಾ, ಹಾಸಿಗಿ ಕೊಡು. ಈ ಯಂತ್ರ ಮಾಡಿದಂವ ನಾನ."

ನರ್ಸು ಎದ್ದು ಕೈಮುಗಿದಳು. "ಗೊತ್ತೈತ್ರಿ ಸರ್, ನಮ್ಮ ಪುಸ್ತಕದಾಗ ನಿಮ್ಮ ಫೋಟೋ ಇತ್ತು. ಆದ್ರ ಯಾರು ಹೇಳಿದ್ರೂ ಹಸಿರಿನವರಿಗೆ ಹಾಸಿಗಿ ಕೊಡಬಾರದು ಅಂತ ನೇಮ ಬರದವರೂ ನೀವ ಅಲ್ಲೇನ್ರಿ?"

ಶಾಂತವ್ವ ತಾನಾಗಿ ಕೈ ಚಾಚಿದಳು. ನರ್ಸು ಪಟ್ಟಿ ಕಟ್ಟಿದಳು.

ಇದೆಲ್ಲ ಇನ್ನೂ ನಡೆದಿಲ್ಲ. ಕಟ್ಟಿ ಆ ಮಾದರಿಗಳನ್ನು ಆರಿಸಿದ್ದು ಇದಕ್ಕೆ ಮೂವತ್ತು ವರ್ಷದ ಹಿಂದೆ, ಅಂದರೆ ಈಗ. ಬಸ್ಸಿನಲ್ಲಿ ಪಕ್ಕದವನು ಕೆಮ್ಮಿದಾಗ ನೀವು ಮುಖ ತಿರುಗಿಸಿ ಇದನ್ನು ಓದುತ್ತಿದ್ದೀರಿ. ಅತ್ತ ಯಾವುದೋ ತಣ್ಣನೆಯ ಕೋಣೆಯಲ್ಲಿ ಕೂತು ಒಬ್ಬರು ಸಂಬಂಧದಲ್ಲಿ ಹುಟ್ಟಿದ ಅವನ ಎಂಜಲು ಬೇಡವೆಂದು ಪಕ್ಕಕ್ಕಿಡುತ್ತಿದ್ದಾರೆ.