ಹೆಸರು ಹೇಳಿ ಒಯ್ದ ಕುರ್ಚಿ

ಬಂದವರೆಲ್ಲ ಹೋಗಿದ್ದರು. ದಿನಕರ್ಮ ಮುಗಿದು, ಅಂಗಳದ ಚಪ್ಪರ ಬಿಚ್ಚಿ ಆಗಿತ್ತು. ಅಂದು ಬೆಳಿಗ್ಗೆ ಮನೆಯಲ್ಲಿ ಮತ್ತೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.

ಕಸ ಗುಡಿಸುತ್ತಿದ್ದ ಪಂಪಾವತಿ ಪಡಸಾಲೆಯ ಮೂಲೆಯಲ್ಲಿ ನಿಂತುಬಿಟ್ಟಳು.

ಅಲ್ಲಿ ಕುರ್ಚಿ ಇತ್ತು. ಎರಡೂ ಬದಿಗೆ ಕೈ ಇದ್ದ, ಬೆತ್ತ ಹೆಣೆದ ಹಳೆಯ ಕುರ್ಚಿ. ತೀರಿಹೋದ ಗಂಡ ಅವಳಿಗಾಗಿ ಎರವಲು ತಂದಿದ್ದ. ಅವಳು ಅದರಲ್ಲಿ ಒಮ್ಮೆಯೂ ಕುಳಿತಿರಲಿಲ್ಲ.

“ಅದನ್ನ ಇವತ್ತ ಹಸೀನಾಬೇಗಂಗ ಮುಟ್ಟಿಸಬೇಕವಾ,” ಒಲೆಯ ಮುಂದಿನಿಂದ ಅತ್ತೆ ಮುದಕಮ್ಮ ಅಂದಳು. “ಕರಿಯವ್ವನ ಮಗಳನ್ನ ನೋಡಾಕ ಗಂಡಿನ ಕಡೆಯವ್ರು ಬರ್ತಾರಂತ. ಕುರ್ಚಿ ಬೇಕಂತ.”

“ನಾ ಕೊಟ್ಟು ಬರ್ತೀನಿ ಅತ್ತಿ.”

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

“ಆಕಿಗೆ ಕಣ್ಣು ಕಾಣಂಗಿಲ್ಲ. ಒಯ್ದವರ ಹೆಸರು ಹೇಳಿದ್ರಷ್ಟ ಇಳಿಸ್ಕೊಳ್ತಾಳ. ನೀ ಹೇಳ್ತೀ?... ಬಿಡು, ನಾನ ಹೋಗ್ತೀನಿ. ನನ್ನ ಮಗನ ಹೆಸರು ಹೇಳಾಕ ನನಗೇನೂ ನಾಚಿಕಿಲ್ಲ.”

ಪಂಪಾವತಿ ತಲೆ ತಗ್ಗಿಸಿದಳು.

ಗಂಡನ ಹೆಸರಿಗೆ ತಾನು ನಾಚುವುದು ಅತ್ತೆಗೂ ಗೊತ್ತಿತ್ತು! ಅವನಿಗಂತೂ ಗೊತ್ತೇ ಇತ್ತು...

ಹೆಸರು ಪಕೀರಪ್ಪ. ಮುದಕಮ್ಮನ ಮೊದಲ ಮಕ್ಕಳು ಉಳಿದಿರಲಿಲ್ಲ. ಈ ಕೂಸನ್ನು ದರ್ಗಾದ ಕಟ್ಟೆಯ ಮೇಲೆ ಮಲಗಿಸಿ, ಹರಕೆ ಹೊತ್ತು ಇಟ್ಟ ಹೆಸರು ಅದು. ಧಾರವಾಡದ ಹಾಸ್ಟೆಲಿನಲ್ಲಿದ್ದು ಎಂ.ಎ. ಓದಿದವಳಿಗೆ ಲಗ್ನಪತ್ರಿಕೆಯಲ್ಲಿ ಆ ಹೆಸರನ್ನು ನೋಡಿ ಮುಖ ಬಿಸಿಯಾಗಿತ್ತು.

ಆದರೆ ಮನುಷ್ಯ ಹೆಸರಿನಂತಿರಲಿಲ್ಲ.

ಕುಷ್ಟಗಿಯಿಂದ ಬಂದ ಬಸ್ಸಿಳಿದು, ಗಣಿ ಬಜಾರದ ಹಾದಿಯಲ್ಲಿ ಮೊದಲ ಸಲ ಜೊತೆಯಾಗಿ ನಡೆದ ಸಂಜೆ ಅವನು ಒಂದೊಂದೇ ಬಾಗಿಲು ತೋರಿಸಿದ್ದ. “ಇಲ್ಲಿ ಗಣಿ ಮಂದಿ ಪಗಾರದ ದಿನ ಸಾಲು ಹಚ್ಚಿ ಜಿಲೇಬಿ ತಿಂತಿದ್ರು. ಇದು ಟಾಕೀಜು. ಅಲ್ಲಿ ಗಣಿ ಭೋಂಗಾ ಕೂಗಿದ್ರ ಊರಾಗಿನ ಒಲಿ ಎಲ್ಲಾ ಒಮ್ಮೆಲೆ ಹೊತ್ತತಿದ್ವು.”

ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಟಾಕೀಜಿನಲ್ಲಿ ಶೇಂಗಾ ಚೀಲ ಪೇರಿಸಿದ್ದರು.

“ಈಗ ಏನೈತಿ ಇಲ್ಲಿ?” ಅವಳು ಕೇಳಿದ್ದಳು.

“ಈಗ ನಾವದೀವಲ್ಲ!”

ಅಂದು ಅವಳು ನಕ್ಕಿದ್ದಳು... ಮನಸ್ಸು ಸೋತಿದ್ದೂ ಅಂದೇ.

ಆಮೇಲೆ ಧಾರವಾಡದ ಗೆಳತಿಯರು ಹಂಪಿ ನೋಡಲು ಬಂದವರು ದಾರಿಯಲ್ಲಿ ಇವಳ ಮನೆಗೂ ಬಂದರು. ಕುರ್ಚಿಯಿಲ್ಲದ ಮನೆಯಲ್ಲಿ ಚಾಪೆಯ ಮೇಲೆ ಕುಳಿತು ಒಬ್ಬಳು ಕೇಳಿದಳು, “ನಿಮ್ಮವರ ಹೆಸರೇನೇ?”

“ಪ್ರಕಾಶ.”

ಅವಳ ಬಾಯಿಂದ ಹೇಗೆ ಬಂತೋ! ಚಹಾದ ಕಪ್ಪು ಹಿಡಿದ ಪಕೀರಪ್ಪ ಬಾಗಿಲಲ್ಲೇ ನಿಂತಿದ್ದ.

“ಪ್ರಕಾಶ್ ಅವರೇ, ನೀವೂ ಕೂತ್ಕೊಳ್ಳಿ,” ಎಂದಳು ಗೆಳತಿ.

“ಹೂಂನ್ರಿ,” ಅಂದ ಅವನು. ಕುಳಿತ. ಹೋಗುವ ತನಕ ಅವರು ಕರೆದಾಗಲೆಲ್ಲ ಆ ಹೆಸರಿಗೇ ಓಗೊಟ್ಟ.

ಗಂಡನ ಹೆಸರು ಹೇಳದ ಹೆಂಗಸರು ಆ ಓಣಿಯ ತುಂಬ ಇದ್ದರು. ಬೇರೆ ಹೆಸರು ಹೇಳಿದವಳು ಇವಳೊಬ್ಬಳೇ.

ಅವನು ಬೈಯಲಿಲ್ಲ. ಮರುದಿನ ಈ ಕುರ್ಚಿ ಹೊತ್ತು ತಂದು, “ತಗೋ, ಕುಂತು ಓದು,” ಅಂದ.

‘ಹಂಗಿಸುತ್ತಿದ್ದಾನೆ... ನನ್ನ ದೊಡ್ಡಸ್ತಿಕೆಗೆ ಉತ್ತರ ಇದು!’ ಎಂದುಕೊಂಡಳು. ಗಂಗಾವತಿಯ ಅಕ್ಕಿ ಗಿರಣಿಯ ಕೆಲಸದಿಂದ ಅವನು ಮನೆಗೆ ಬಂದಾಗಲೆಲ್ಲ ಕುರ್ಚಿಯ ಧೂಳು ಒರೆಸಿಡುತ್ತಿದ್ದ. ಅವಳು ಚಾಪೆಯಲ್ಲೇ ಕುಳಿತು ಓದುತ್ತಿದ್ದಳು. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ.

ಅವನಿದ್ದ ಭತ್ತದ ಲಾರಿ ಮಗುಚಿದ ಮೇಲೆ ಕೇಳುವವನೇ ಇರಲಿಲ್ಲ.

ಈಗ ಅತ್ತೆ ಏಳುವ ಮೊದಲೇ ಅವಳು ಸೆರಗು ಸಿಂಬಿ ಮಾಡಿ, ಕುರ್ಚಿ ತಲೆಯ ಮೇಲಿಟ್ಟುಕೊಂಡು ಹೊರಟಳು.

“ಗಂಡ ಹೋಗಿ ಇನ್ನೂ ತಿಂಗಳಾಗಿಲ್ಲ, ಬಜಾರ ತುಂಬ ಹೊಂಟಾಳ ನೋಡು!” ಪಾನಂಗಡಿಯ ಹಂಪಣ್ಣ ಗೊಣಗಿದ.

“ನೀ ಸುಣ್ಣ ಹಚ್ಚು ಸುಮ್ಮನ,” ಕಟ್ಟೆಯ ಮೇಲಿಂದ ಕರಿಯವ್ವ ಗದರಿದಳು. “ಯವ್ವಾ ಪಂಪವ್ವ, ಕುರ್ಚಿ ಮ್ಯಾಲ ನೀ ಕುಂದ್ರಬೇಕು. ನಿನ್ನ ಮ್ಯಾಲ ಅದು ಕುಂತೈತಲ್ಲ!”

ನಗಬೇಕೆನಿಸಿತು. ಅದಕ್ಕೂ ನಾಚಿಕೆಯಾಯಿತು.

ಗಣಿಯ ಆಫೀಸು ಮುಚ್ಚಿದಾಗ ಹಸೀನಾಬೇಗಂಳ ಗಂಡ ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದ ಕುರ್ಚಿ ಅದು. ಈ ಓಣಿಯ ಮದುಮಕ್ಕಳೆಲ್ಲ ಅದರಲ್ಲೇ ಕುಳಿತವರು.

ಮುದುಕಿ ಬಾಗಿಲಲ್ಲಿ ಕುಳಿತು ಅಕ್ಕಿ ಕೇರುತ್ತಿದ್ದಳು. ಕುರ್ಚಿ ಇಳಿಸಿದ ಸದ್ದಿಗೆ ಕೈಚಾಚಿ ಅದರ ಕೈ ಸವರಿದಳು.

“ಯಾರ ಹೆಸರಿಲೆ?”

ಹಂಪಣ್ಣನ ಅಂಗಡಿಯ ಮುಂದಿನವರೆಲ್ಲ ಇತ್ತಲೇ ನೋಡುತ್ತಿದ್ದರು. ಒಂದು ಹೆಸರು... ಬದುಕಿದ್ದಾಗ ಕೊಡಲಾಗದ್ದು...

“ಪಕೀರಪ್ಪ.”

ಮುದುಕಿ ಹುಬ್ಬು ಗಂಟಿಕ್ಕಿದಳು. “ಆ ಹೆಸರಿಲೆ ಕುರ್ಚಿ ಹೋಗಿಲ್ಲಲ್ಲ ಬೇಟಿ.”

ಇಲ್ಲಿಯೂ...? ತನ್ನ ಓಣಿಯಲ್ಲೂ ತನ್ನ ಹೆಸರನ್ನು ಬಿಟ್ಟುಕೊಟ್ಟನೇ? ನನ್ನಿಂದಾಗಿ?

“ಪ್ರಕಾಶ... ಅಂತ ಹೇಳ್ಯಾರೇನ್ರಿ?”

“ಅದ್ಯಾರು? ಪಂಪಾವತಿ ಅಂತ ಹೇಳಿ ಒಯ್ದಾನ.”

ಪಂಪಾವತಿ ಚೌಕಟ್ಟು ಹಿಡಿದುಕೊಂಡಳು.

“ನಾನೂ ನಕ್ಕೆ. ‘ಹೇಣ್ತಿ ಹೆಸರು ಹಿಡಿದು ಹೇಳ್ತೀಯೇನೋ?’ ಅಂದೆ. ‘ಕುಂದ್ರಾಕಿ ಅಕಿ ಅಲ್ಲೇನ್ರಿ ಅಮ್ಮಾ? ನೆಲದ ಮ್ಯಾಲ ಕುಂತು ಓದಿ ಅಕಿ ಬೆನ್ನು ನೋಯ್ತೈತಿ. ಎಂ.ಎ. ಓದ್ಯಾಳ’ ಅಂದ. ಅದನ್ನಂತೂ ಇಡೀ ಬಜಾರಕ್ಕ ಕೇಳೋಹಂಗ ಅಂದ!”

ಹಂಗಿಸಲು ತಂದದ್ದಲ್ಲ...

“ಕುಂದ್ರತಿದ್ದೇನವಾ?”

“ಇಲ್ಲರಿ.”

ಮುದುಕಿ ಮೊರ ಬದಿಗಿಟ್ಟಳು. “ಕುಂದ್ರು ಈಗ. ಕರಿಯವ್ವ ಬರೋತನಕ ನಿಂದ ಅದು.”

ಪಂಪಾವತಿ ಕುಳಿತಳು. ಬೆತ್ತ ಕಿರ್ರೆಂದಿತು. ಇಷ್ಟು ದಿನ ಬಾರದ ಅಳು ಬಂತು. ಬಜಾರದ ಮಂದಿಯ ಎದುರೇ ಬಂತು. ಅವಳು ಮುಖ ಮುಚ್ಚಿಕೊಳ್ಳಲಿಲ್ಲ.

“ಅಮ್ಮಾ... ನನ್ನ ಹೆಸರು ಹೆಂಗ ಹೇಳಿದ್ರು ಅವರು?”

“ಎರಡು ಸಲ ಹೇಳಿದ. ಮೊದಲ್ನೇ ಸಲಾನ ಕೇಳಿಸಿತ್ತು ನನಗ. ಆದ್ರೂ ಕೇಳಲಿಲ್ಲ ಅಂದೆ. ಅವನ ಬಾಯಾಗ ಭಾಳ ಛಲೋ ಅನಸ್ತು.”

ಪಂಪಾವತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ನನ್ನ ಕೇಳ್ರಿ ಅಮ್ಮಾ.”

“ಏನಂತ?”

“ನನ್ನ ಗಂಡನ ಹೆಸರು.”

ಹಸೀನಾಬೇಗಂ ತಡಕಾಡಿ ಅವಳ ಮೊಣಕಾಲ ಮೇಲೆ ಕೈಯಿಟ್ಟಳು.

“ನಿನ್ನ ಗಂಡನ ಹೆಸರೇನವಾ?”

“ಪಕೀರಪ್ಪ.”

“ಕೇಳಿಸಲಿಲ್ಲ ಬೇಟಿ,” ಅಂದಳು ಮುದುಕಿ. “ಇನ್ನೊಂದ್ ಸಲ ಹೇಳು.”