ಒಂದು ಹಾಳೆಯಷ್ಟು ಜಾಗ

ಸಾವಿನ ಮನೆಯ ಏಳು ರಾತ್ರಿಗಳ ಪ್ರಾರ್ಥನೆಯಲ್ಲಿ ಕೊನೆಯದನ್ನೂ ಮುಗಿಸಿ, ಚಾಪೆ ಸುತ್ತಿಟ್ಟು ಬಂಧುಗಳೆಲ್ಲ ಹೊರಟುಹೋಗಿದ್ದರು. ಬೆಳಿಗ್ಗೆ ಎದ್ದು ಎರಡು ಲೋಟ ಕಾಫಿ ಮಾಡಿದೆ. ಒಂದನ್ನು ಕುಡಿದೆ. ಇನ್ನೊಂದು ಆರುವುದನ್ನು ನೋಡುತ್ತ ಕುಳಿತೆ.

ಜಗಲಿಯಲ್ಲಿ ನನ್ನ ಗಂಡ ಸೆನೊ ಎರವಲು ತಂದಿದ್ದ ಪಂಜರವಿತ್ತು. ಮೊಟ್ಟೆಕೋಳಿಗಳ ತಂತಿಯ ಪಂಜರ, ಕೋಳಿ ಸಾಕುವ ಬು ತುಮಿನಿಯವರ, ಅಂದರೆ ತುಮಿನಿ ಅಮ್ಮನವರ, ಶೆಡ್ಡಿನದು. ಅದನ್ನು ಬೈಕಿಗೆ ಕಟ್ಟಿಕೊಂಡು ನಮ್ಮ ಬ್ಲಿಟಾರ್ ಜಿಲ್ಲೆಯ ಊರೂರು ಸುತ್ತುತ್ತಿದ್ದ. ಪಂಜರವಿಲ್ಲದೆ ಕೋಳಿ ಸಾಕಿ ಎಂದು ಹೇಳುವುದೇ ಅವನ ಕೆಲಸ.

ನನಗೆ ಅವನು ಸಿಕ್ಕಿದ್ದೂ ಹಾಗೆಯೇ. ನಮ್ಮ ಕಾಲೇಜಿನ ಅಂಗಳದಲ್ಲಿ ಪೇಪರಿನ ಒಂದು ಹಾಳೆ ಹಾಸಿ, "ಇಬ್ಬರು ಬಂದು ಇಡೀ ದಿನ ಇದರ ಮೇಲೆ ನಿಲ್ಲಿ," ಎಂದ. ನಾನೊಬ್ಬಳೇ ಹೋದೆ. ಕೊನೆಗೆ ಅವನೇ ಬಂದು ಪಕ್ಕದಲ್ಲಿ ನಿಂತ.

"ಇಷ್ಟೇ ಜಾಗಾನಾ?"

"ಕೋಳಿಗೆ ಇದೂ ಇಲ್ಲ."

"ಕೋಳಿನ ಪಕ್ಕದವನು ಹೀಗೆ ನೋಡಲ್ಲ."

ಅವನ ಕಿವಿ ಕೆಂಪಾಯಿತು. "ಸಾಕು, ಇಳೀರಿ."

"ಇಡೀ ದಿನ ನಿಲ್ಲಬೇಕು ಅಂದ್ರಲ್ಲ, ಮಾಸ್."

ಆ ದಿನ ಮಾಸ್ ಎಂದವಳು ಮದುವೆಯಾದ ಮೇಲೂ ಮಾಸ್ ಎಂದೇ ಕರೆದೆ. ನಮ್ಮಲ್ಲಿ ಅಣ್ಣನಂಥವನಿಗೂ ಗಂಡನಿಗೂ ಅದೇ ಕರೆ. ಅವನು ಆ ಹಾಳೆಯ ಮಡಿಕೆಗಳಿಗೆ ಟೇಪು ಅಂಟಿಸಿ ಅದನ್ನೇ ಬಳಸುತ್ತಿದ್ದ. ಹೊಸದು ತಗೋ ಎಂದರೆ, "ಅದರ ಮೇಲೆ ನೀನು ನಿಂತಿಲ್ಲವಲ್ಲ," ಎನ್ನುತ್ತಿದ್ದ.

ಈಗ ಮಂಚದ ಮೇಲೆ ಜಾಗವೋ ಜಾಗ.

"ಮುಂದೆ ಇನ್ನೂ ಮೊಟ್ಟೆ ಬೇಕು, ಇನ್ನೂ ಮಾಂಸ ಬೇಕು, ಲಾರಸ್. ಶೆಡ್ಡು ಏಳೋದನ್ನ ತಡೆಯಕ್ಕಾಗಲ್ಲ. ಪಂಜರ ಕೂರಿಸೋ ಮೊದಲೇ ಮಾತಾಡಬೇಕು. ಒಂದ್ಸಲ ಕೂರಿಸಿದ್ರೆ ನಮ್ಮ ಮಕ್ಕಳ ಕಾಲಕ್ಕೂ ಕೀಳಲ್ಲ," ಎಂದು ಸೆನೊ ನನಗೆ ಹೇಳುತ್ತಿದ್ದ.

ಮಕ್ಕಳಾಗುವಷ್ಟು ಕಾಲವನ್ನು ಡೆಂಗ್ಯೂ ಜ್ವರ ಕೊಡಲಿಲ್ಲ. ಬು ತುಮಿನಿಯವರ ದೊಡ್ಡ ಹೊಸ ಶೆಡ್ಡಿಗೆ ಆಗಲೇ ಮಾಡು ಬಂದಿತ್ತು. ಎಷ್ಟು ಸಲ ಕರೆದರೂ ಅವರು ಹಾಳೆಯ ಮೇಲೆ ಕಾಲಿಡಲಿಲ್ಲ ಎಂದು ಸೆನೊ ಆಸ್ಪತ್ರೆಯಲ್ಲೂ ಕೊರಗಿದ್ದ. "ನಾನು ಸೋತೆ ಕಣೆ," ಎಂದಿದ್ದ.

ಪಂಜರವನ್ನು ಹಿಂದಿರುಗಿಸಲು ಹೊತ್ತು, ಮಡಿಚಿದ ಹಾಳೆಯನ್ನೂ ಹಿಡಿದು ಹೊರಟೆ. ಎರವಲು ತಂದದ್ದನ್ನು ನಮ್ಮಲ್ಲಿ ಬರಿದಾಗಿ ಹಿಂದಿರುಗಿಸುವುದಿಲ್ಲ. ಅನ್ನದ ಉಂಡೆಯಾದರೂ ಇಡುತ್ತೇವೆ. ಅದು ನೆನಪಾದದ್ದು ಅವರ ಅಂಗಳ ತಲುಪಿದ ಮೇಲೆ.

ಬು ತುಮಿನಿ ಬಗ್ಗಿ ನೋಡಿದರು. "ಏನ್ ಮಗಳೇ, ಬರಿದು ತಂದಿದ್ದೀಯಾ? ಕಾಲೇಜಲ್ಲಿ ಇಷ್ಟೂ ಕಲಿಸಲ್ವಾ?"

"ಪೇಪರ್ ಇದೆ, ಬು."

"ಪೇಪರ್ ತಿನ್ನಕ್ಕಾಗತ್ತಾ?"

"ನಿಲ್ಲಕ್ಕಾಗತ್ತೆ."

ಹಾಳೆ ಹಾಸಿ ನಿಂತೆ. ಅವರು ಚಪ್ಪಲಿ ಕಳಚಿ ಬಂದು ನನ್ನ ಭುಜಕ್ಕೆ ಭುಜ ಒತ್ತಿ ನಿಂತರು.

"ಅವನು ಕರೆದಾಗ ಬರಲಿಲ್ಲವಂತೆ," ಎಂದೆ.

"ಪರಗಂಡಸಿನ ಜೊತೆ ಹೀಗೆ ಅಂಟಿಕೊಂಡು ನಿಲ್ಲೋದಾ? ಊರವರು ಏನಂದಾರು?"

"ಅಷ್ಟಕ್ಕೇನಾ?"

"ಇನ್ನೇನು ಮತ್ತೆ. ಅದನ್ನ ಅವನಿಗೆ ಹ್ಯಾಗೆ ಹೇಳಲಿ?"

ನಗು ಬಂತು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಅವರು ಕದಲದೆ ನಿಂತಿದ್ದರು.

"ಕಾಲು ಜೋಮು ಹಿಡೀತು ಕಣೇ," ಎಂದರು ಕೊನೆಗೆ. "ಪಂಜರ ಕೂರಿಸೋರು ನಾಳೆ ಬರ್ತಾರೆ. ನೀನೂ ಬಾ. ಮೊದಲು ಅವರನ್ನ ಇದರ ಮೇಲೆ ನಿಲ್ಲಿಸೋಣ."

ಪಂಜರವನ್ನು ಅವರ ಕೈಗೆ ಕೊಟ್ಟೆ. ಹಾಳೆಯನ್ನು ಹಳೆಯ ಮಡಿಕೆಗಳಲ್ಲೇ ಮಡಿಚಿದೆ.

"ಅದನ್ನೂ ಇಲ್ಲೇ ಬಿಟ್ಟು ಹೋಗು."

"ಇದು ಎರವಲು ತಂದದ್ದಲ್ಲ, ಬು. ನಾಳೆ ತರ್ತೀನಿ."